ಸುಣ್ಣ ಬಳಿದ ಕಿಟಕಿ

"ಕೈ ಚಾಚಿ. ನೀವು ಕೊಂದಿದ್ದನ್ನ ನೀವೇ ಹಿಡ್ಕೊಳ್ಳಿ."

ಪಕ್ಕದ ಮನೆಗೆ ಹೊಸದಾಗಿ ಬಂದ ಗಾಜಿನ ಕೆಲಸದವನ ಅಂಗೈಯಲ್ಲಿ ಅವಳು ಪುಟ್ಟ ಹಕ್ಕಿಯನ್ನಿಟ್ಟಳು. ಸತ್ತಿದ್ದರೂ ಇನ್ನೂ ಬೆಚ್ಚಗಿತ್ತು. ಅವರಿಬ್ಬರ ನಡುವಿನ ಮೊದಲ ಮಾತೇ ಅದು.

"ನಾನೇನ್ರೀ ಮಾಡ್ದೆ?"

"ಗೋಡೆಯಷ್ಟು ದೊಡ್ಡ ಗಾಜು ಹಾಕಿದ್ದೀರಲ್ಲ, ಅದ್ರಲ್ಲಿ ನಮ್ಮ ತೋಟಾನೇ ಕಾಣುತ್ತೆ. ತೋಟ ಅಂತ ನುಗ್ಗಿ ಸಾಯ್ತಿವೆ. ಇದು ಮೂರನೇದು."

"ಗಾಜು ಇದೆ ಅಂತಾನೇ ಗೊತ್ತಾಗಬಾರದು, ಅದೇ ನನ್ನ ಕಸುಬು..."

ಅಂದವನು ನಾಲಿಗೆ ಕಚ್ಚಿಕೊಂಡ. ಅಷ್ಟರಲ್ಲಿ ಅವಳು ದಡದಡನೆ ಹೊರಟುಹೋಗಿದ್ದಳು.

ಅವಳು ಬಟ್ಟೆ ಹೊಲಿಯುವವಳು. ಎಲೆ ಉದುರುವ ಕಾಲ ಬಂದರೆ ಹೊಲಿಗೆ ಯಂತ್ರವನ್ನು ಕಿಟಕಿಯ ಬಳಿಗೆ ಎಳೆದುಕೊಳ್ಳುವಳು. ತೋಟದ ಒಣ ಸೂರ್ಯಕಾಂತಿಗಳ ಮೇಲೆ ಏರೋಪ್ಲೇನ್ ಚಿಟ್ಟೆಗಳು ಸುತ್ತುತ್ತಿದ್ದವು. ಹುಳುಹುಪ್ಪಟೆ ಹುಡುಕಿಕೊಂಡು ಎಲ್ಲಿಂದಲೋ ನೊಣಹಿಡುಕ ಹಕ್ಕಿಗಳು ಬರುತ್ತಿದ್ದವು. ಈ ಸಲ ಬಂದದ್ದು ನಾಲ್ಕು, ಉಳಿದದ್ದು ಒಂದು. ಅದೂ ಹೋದರೆ?

ಮರುದಿನ ನೋಡಿದರೆ ಆ ಗಾಜಿಗೆಲ್ಲ ಸುಣ್ಣ ಬಳಿದಿತ್ತು!

"ನಿನ್ನ ಮುಖ ನೋಡೋಕಾಗ್ದೆ ಬಳ್ಕೊಂಡಿರಬೇಕು ಕಣೇ," ಎಂದು ಅವಳ ಅತ್ತಿಗೆ ನಕ್ಕಳು.

ಅಷ್ಟು ಕೊಬ್ಬಾ ಅವನಿಗೆ? ಇವಳ ಸಿಟ್ಟು ನೆತ್ತಿಗೇರಿತು. ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸಿದಳು. ಅವನು ಮಾತಾಡಿಸಲು ಬಂದರೆ ಬಾಗಿಲು ಹಾಕಿಕೊಂಡಳು. ಆ ವಾರ ಒಂದು ಹಕ್ಕಿಯೂ ಸತ್ತಿಲ್ಲ ಎನ್ನುವುದು ಸಿಟ್ಟಿನ ಭರದಲ್ಲಿ ಅವಳಿಗೆ ಹೊಳೆಯಲೇ ಇಲ್ಲ.

ಎಂಟನೆಯ ದಿನ ಒಬ್ಬ ಗಿರಾಕಿ ಅವನ ಬಾಗಿಲಲ್ಲಿ ನಿಂತು ರೇಗುತ್ತಿದ್ದ.

"ನಿಮ್ಮನೆ ಗಾಜೇ ಹೀಗಿದೆ, ನಮ್ಮನೇದು ಹೇಗೆ ಮಾಡ್ತೀರಿ? ಮೊದ್ಲು ಅದನ್ನ ಒರೆಸಿ."

"ಹಕ್ಕಿಗಳು ವಾಪಸ್ ಹೋಗೋವರೆಗೂ ಒರೆಸಲ್ಲ ಸ್ವಾಮಿ. ಬಡ್ಕೊಂಡು ಸಾಯ್ತವೆ."

ಗಿರಾಕಿ ಬೇರೆಯವರನ್ನು ನೋಡಿಕೊಳ್ಳುತ್ತೇನೆಂದು ಹೊರಟುಹೋದ. ಬೇಲಿಯಾಚೆ ನಿಂತಿದ್ದ ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಛೆ... ಎಂಥ ಕೆಲಸ ಮಾಡಿದೆ ನಾನು!

ನೇರ ಅವನ ಮನೆಯೊಳಗೇ ನಡೆದಳು.

"ನಂಗೆ ಒಂದು ಮಾತು ಹೇಳಬಾರದಿತ್ತಾ?"

"ನೀವು ಬಾಗಿಲು ತೆಗೆದಿದ್ರೆ ತಾನೇ?"

ಅವಳು ತಲೆ ತಗ್ಗಿಸಿದಾಗ ಕಣ್ಣಿಗೆ ಬಿತ್ತು... ಅವನ ಕುರ್ಚಿಯ ಎದುರು, ಗಾಜಿನಲ್ಲಿ ಅಂಗೈಯಗಲ ಜಾಗಕ್ಕೆ ಮಾತ್ರ ಸುಣ್ಣವಿರಲಿಲ್ಲ. ಬಗ್ಗಿ ನೋಡಿದಳು. ನಟ್ಟನಡುವೆ ಕಾಣುತ್ತಿದ್ದದ್ದು ಅವಳ ಹೊಲಿಗೆ ಯಂತ್ರ.

"ಇದು ಹಕ್ಕಿ ನೋಡೋಕಾ?"

"ಹಾಗೇ ಹೇಳೋಣ ಅಂತಿದ್ದೆ..." ಅವನ ಕಿವಿ ಕೆಂಪಾಯಿತು. "ನಿಮ್ಮನ್ನ ನೋಡೋಕೆ. ನೀವು ಬೈದ ದಿನದಿಂದ ಬೇರೇನೂ ನೋಡೋಕಾಗ್ತಿಲ್ಲ. ತಪ್ಪು ಅಂದ್ರೆ ಮುಚ್ಚಿಬಿಡ್ತೀನಿ."

"ಮುಚ್ಚಿಬಿಡಿ."

ಅವನ ಮುಖ ಇಳಿದುಹೋಯಿತು.

"ಕದ್ದು ಯಾಕೆ ನೋಡಬೇಕು?" ಎಂದಳು ಅವಳು, ದನಿ ಸಣ್ಣದಾಗಿ. "ನಾಳೆ ನಮ್ಮ ಕಿಟಕಿ ಹತ್ರಾನೇ ಬಂದು ಕೂತ್ಕೊಳ್ಳಿ. ಹಕ್ಕಿನೂ ಕಾಣುತ್ತೆ."

"ಹಕ್ಕಿನೂ?"

"ಹೂಂ... ಹಕ್ಕಿನೂ."