ಅಳಿಸಿದ ಅಂಕಿಗಳು

ಸೋಮವಾರ ಬೆಳಿಗ್ಗೆ 9.40ಕ್ಕೆ ಠಾಣೆಗೆ ಬಂದ ಪಿಎಚ್‌ಡಿ ವಿದ್ಯಾರ್ಥಿನಿಯ ದೂರಿನ ತಲೆಬುಡ ಇನ್‌ಸ್ಪೆಕ್ಟರ್‌ಗೆ ಅರ್ಥವಾಗಲಿಲ್ಲ.

“ಏನು ಕಳುವಾಯ್ತಮ್ಮ?”

“ಏನೂ ಇಲ್ಲ ಸರ್. ತೊಂಬತ್ತಾರು ಟ್ಯೂಬೂ ಫ್ರೀಜರ್‌ನಲ್ಲೇ ಇವೆ. ಮೇಲಿದ್ದ ನಂಬರ್ ಅಳಿಸಿದ್ದಾರೆ. ಯಾರ ರಕ್ತ ಯಾವುದು ಅಂತ ಇನ್ನು ಗೊತ್ತಾಗಲ್ಲ. ನನ್ನ ನಾಲ್ಕು ವರ್ಷದ ಕೆಲಸ ಅದು.”

ಹುಡುಗಿ ಅಳುತ್ತಿದ್ದಳು. ಎಫ್‌ಐಆರ್‌ಗೆ ಯಾವ ಕಲಂ ಹಾಕಬೇಕೆಂದು ತಿಳಿಯದೆ ರೈಟರ್ ಎರಡು ಸಲ ಪೆನ್ನು ಕೆಳಗಿಟ್ಟ.

11.15ಕ್ಕೆ ಲ್ಯಾಬಿನಲ್ಲಿ ಪಂಚನಾಮೆ ನಡೆಯಿತು. ಬೀಗ ಒಡೆದಿರಲಿಲ್ಲ. ಕಸದ ಬುಟ್ಟಿಯಲ್ಲಿ ಶಾಯಿ ಮೆತ್ತಿದ, ಸ್ಪಿರಿಟ್ ವಾಸನೆಯ ಹತ್ತಿ. ಸಿಂಕಿನ ಪಕ್ಕ ಐಸ್ ಕರಗಿದ ಡಬ್ಬಿ, ಅದರೊಳಗೆ ಐದು ತೂತಿನ ಸ್ಟ್ಯಾಂಡ್.

“ಒಳಗಿನ ರಕ್ತ ಕೆಟ್ಟಿದೆಯಾ?”

“ಒಂದೂ ಕರಗಿಲ್ಲ ಸರ್. ಐದೈದೇ ಹೊರಗೆ ತೆಗೆದು, ಐಸ್‌ನಲ್ಲಿಟ್ಟು ಒರೆಸಿದ್ದಾರೆ.”

“ಹಾವೂ ಸಾಯಬಾರದು, ಕೋಲೂ ಮುರೀಬಾರದು ಅನ್ನೋ ಕಳ್ಳ,” ಎಂದ ಕಾನ್‌ಸ್ಟೇಬಲ್.

ಇನ್‌ಸ್ಪೆಕ್ಟರ್‌ಗೆ ಇನ್ನಷ್ಟು ಗೊಂದಲವಾಯಿತು. ದ್ವೇಷವಿದ್ದವರಿಗೆ ಫ್ರೀಜರ್‌ನ ಪ್ಲಗ್ ಕಿತ್ತರೆ ಸಾಕಿತ್ತು. ಇಲ್ಲಿ ಯಾರೋ ಗಂಟೆಗಟ್ಟಲೆ ಕೂತು ಈ ಹುಡುಗಿಯ ಕೆಲಸವನ್ನು ಹಾಳೂ ಮಾಡಿದ್ದರು, ಜೋಪಾನವೂ ಮಾಡಿದ್ದರು.

“ಐದೈದೇ ತೆಗೀಬೇಕು ಅಂತ ನಿಮಗೆ ಹೇಳಿಕೊಟ್ಟೋರು ಯಾರು?”

“ನಮ್ಮ ಲ್ಯಾಬಿನ ಅಕ್ಕ. ಇಪ್ಪತ್ತು ವರ್ಷದಿಂದ ಇಲ್ಲಿ ಸಹಾಯಕಿ. ಊಟ ಆಯ್ತಾ ಅಂತ ಕೇಳೋರೂ ಅವರೊಬ್ರೇ.” ಹೇಳಿ ಮುಗಿಸಿದ ಮೇಲೆ ಹುಡುಗಿಯ ಮುಖ ಬಿಳುಚಿತು.

ಮಧ್ಯಾಹ್ನ 2.30ಕ್ಕೆ ಅಕ್ಕ ಠಾಣೆಯಲ್ಲಿ ಒಪ್ಪಿಕೊಂಡರು. ರೋಗಿಗಳ ರಕ್ತದ ಜೊತೆ ಹೋಲಿಸಲು ಆರೋಗ್ಯವಂತರ ರಕ್ತ ಸಾಲದೆ ಬಂದಾಗ ಅವರೂ ಕೊಟ್ಟಿದ್ದರು, ನಂಬರ್ ಹದಿನೇಳು. ಕಳೆದ ವಾರ ಹುಡುಗಿ, ಅದು ಯಾರದೆಂದು ತಿಳಿಯದೆ, ಹದಿನೇಳರಲ್ಲಿ ನರಗಳನ್ನು ಕೆಡಿಸುವ ಕಾಯಿಲೆಯ ಜೀನ್ ಕಂಡಂತಿದೆ, ಇನ್ನೊಮ್ಮೆ ಪರೀಕ್ಷಿಸಿ ಖಚಿತವಾದರೆ ರಕ್ತ ಕೊಟ್ಟವರಿಗೂ ಅವರ ಮನೆಯವರಿಗೂ ತಿಳಿಸಬೇಕು ಎಂದು ಅಕ್ಕನ ಹತ್ತಿರವೇ ಹೇಳಿದ್ದಳು.

“ಒಂದನ್ನೇ ಅಳಿಸಿದ್ರೆ ಅದೇ ಹದಿನೇಳು ಅಂತ ಗೊತ್ತಾಗ್ತಿತ್ತು.”

“ಕಾಯಿಲೆ ಇದ್ರೆ ತಿಳ್ಕೊಳ್ಳೋದು ಒಳ್ಳೇದಲ್ವಾ?”

“ನನಗೆ ತಿಳೀತಲ್ಲ ಸರ್. ಮಗಳು ಈಗ ಆರು ತಿಂಗಳ ಬಸುರಿ. ನನಗಿದ್ರೆ ಅವಳಿಗೂ ಇರಬಹುದು, ಹೊಟ್ಟೇಲಿರೋದಕ್ಕೂ. ನೆಮ್ಮದಿಯಾಗಿ ಹೆರಲಿ ಅಂತ.” ಆಮೇಲೆ ಕೇಳಿದರು, “ಆ ಹುಡುಗಿ ಊಟ ಮಾಡಿದ್ಲಾ?”

3.10ಕ್ಕೆ ಬಂಧನ. ಬಂಧನದ ಸುದ್ದಿಯನ್ನು ಹತ್ತಿರದ ಸಂಬಂಧಿಕರಿಗೆ ತಿಳಿಸಬೇಕೆಂಬುದು ನಿಯಮ.

“ಯಾರಿಗೆ ಹೇಳೋಣ?”

ಅಕ್ಕ ಮಗಳ ನಂಬರನ್ನು ಚೀಟಿಯಲ್ಲಿ ಬರೆದುಕೊಟ್ಟರು. “ಅವಳೊಬ್ಬಳೇ ಇರೋದು.”

ಕಾನ್‌ಸ್ಟೇಬಲ್ ನಂಬರ್ ಒತ್ತಿದ. ಇನ್‌ಸ್ಪೆಕ್ಟರ್ ಫೋನನ್ನು ತಾವೇ ತೆಗೆದುಕೊಂಡು ವಿಷಯ ಹೇಳಿದರು. ಮಗಳು ಕೇಳಿದ್ದು ಒಂದೇ ಮಾತು: “ಅಮ್ಮ ಯಾಕೆ ಹಾಗೆ ಮಾಡಿದ್ರು ಸರ್?”

ಅಕ್ಕ ಸಹಿ ಹಾಕಿದ ಹೇಳಿಕೆ ಇನ್‌ಸ್ಪೆಕ್ಟರ್ ಕೈಕೆಳಗೇ ಇತ್ತು. ಎದುರಿಗೆ ಅಕ್ಕ ಉಸಿರು ಬಿಗಿಹಿಡಿದು ಕೂತಿದ್ದರು.

“ಗೊತ್ತಿಲ್ಲಮ್ಮ,” ಎಂದರು ಇನ್‌ಸ್ಪೆಕ್ಟರ್. “ತನಿಖೆ ಇನ್ನೂ ನಡೀತಾ ಇದೆ.”