ಎರಡು ಮಾಡೆಲ್, ಮೂರು ಸಂಜೆ

ಆಫೀಸಿನಲ್ಲಿ ಅವಳನ್ನು ಎಲ್ಲರೂ ಗ್ರಿಡ್ಡಮ್ಮ ಅಂತಲೇ ಕರೆಯುತ್ತಿದ್ದರು. ಊರಿನ ಕರೆಂಟು ಗಂಟೆಗಂಟೆಗೂ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಕಂಪ್ಯೂಟರಿನಲ್ಲಿ ಓಡಿಸಿ ನೋಡುವ ಮಾಡೆಲ್ ಅವಳದು. ಎದುರು ಮೇಜಿನವನ ಮಾಡೆಲ್ ತುಂಬ ಮನೆಗಳು: ಯಾರು ಎಷ್ಟು ಹೊತ್ತಿಗೆ ಹೀಟರ್ ಹಾಕುತ್ತಾರೆ, ಯಾರು ಬ್ಯಾಟರಿ ಇಟ್ಟುಕೊಂಡಿದ್ದಾರೆ. ಅದನ್ನು ತಿಳಿಯಲು ಬೀದಿಬೀದಿ ತಿರುಗಿದ್ದಕ್ಕೆ ಅವನಿಗೆ ‘ಮನೆಮನೆ’ ಅಂತ ಹೆಸರು ಬಿದ್ದಿತ್ತು.

ಊರಿಗೆ ಕರೆಂಟು ಕೊಡುವ ಕಲ್ಲಿದ್ದಲ ಸ್ಥಾವರವನ್ನು ಮುಂದಿನ ವರ್ಷವೇ ಮುಚ್ಚಬಹುದೇ ಎಂದು ನಗರಸಭೆ ಕೇಳಿತ್ತು. ಉತ್ತರ ಬೇಕೆಂದರೆ ಎರಡು ಮಾಡೆಲ್ಲೂ ಒಂದಾಗಬೇಕು.

"ನಿಮ್ಮದು ಗಂಟೆ ಲೆಕ್ಕ, ನನ್ನದು ದಿನದ ಲೆಕ್ಕ. ಎಣ್ಣೆ ಸೀಗೆಕಾಯಿ ಕಣ್ರೀ," ಅಂದಿದ್ದ ಅವನು, ಮೊದಲ ದಿನವೇ.

ಮೂರು ತಿಂಗಳು ಜಗಳವಾಡುತ್ತಲೇ ಜೋಡಿಸಿದರು. ಅವನು ಕನ್ನಡಕ ಹಣೆಗೇರಿಸಿ ನಗುವುದನ್ನು ಅವಳು ಸ್ಕ್ರೀನಿನ ಅಂಚಿನಿಂದ ಕದ್ದು ನೋಡುತ್ತಿದ್ದಳು.

"ಗ್ರಾಫ್ ನೋಡ್ತಿದ್ದೆ," ಅಂದಳು ಒಮ್ಮೆ ಸಿಕ್ಕಿಬಿದ್ದಾಗ.

"ಗ್ರಾಫ್ ನನ್ನ ಹಣೆ ಮೇಲಿದೆಯಾ?"

ಕೊನೆಗೆ ಉತ್ತರ ಬಂತು: ಮುಚ್ಚಬಹುದು. ಅವನ ಕಣ್ಣು ತುಂಬಿತು. ಉಬ್ಬಸದ ಅವನಮ್ಮ ಆ ಸ್ಥಾವರದ ಚಿಮಣಿಯ ಬುಡದಲ್ಲೇ ವಾಸವಾಗಿದ್ದಳು.

ಉತ್ತರವನ್ನು ನಗರಸಭೆಗೆ ಕಳಿಸಿದ ಮರುದಿನ, ಸಭೆಯ ದಿನ ಬೆಳಿಗ್ಗೆ, ಅವಳಿಗೆ ತಪ್ಪು ಕಂಡಿತು. ಮನೆಗಳ ಬ್ಯಾಟರಿ ಅವನ ಮಾಡೆಲ್ಲಿನಲ್ಲೂ ಇತ್ತು, ಅವಳದರಲ್ಲೂ ಇತ್ತು. ಒಂದೇ ಕರೆಂಟನ್ನು ಎರಡು ಸಲ ಎಣಿಸಿದ್ದರು! ಸರಿಮಾಡಿ ಓಡಿಸಿದಳು. ಸ್ಥಾವರ ಮುಚ್ಚಿದರೆ ಚಳಿಗಾಲದ ಮೂರು ಸಂಜೆ ಅರ್ಧ ಊರಿಗೆ ಕರೆಂಟಿಲ್ಲ.

ಹೇಳಿದರೆ ಅವನ ಮುಖ ಏನಾದೀತೆಂದು ಗೊತ್ತಿತ್ತು. ಆದರೂ ಹೇಳಿದಳು. ಅವನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಹೋದ. ಇನ್ನು ಮುಗಿಯಿತು ಎಂದುಕೊಂಡಳು.

ಸಭೆಯಲ್ಲಿ ಮೊದಲು ಎದ್ದು ನಿಂತವನು ಅವನೇ. "ನಿನ್ನೆ ಕಳಿಸಿದ ಉತ್ತರ ತಪ್ಪು. ಬ್ಯಾಟರಿಗಳನ್ನ ಎರಡು ಸಲ ಎಣಿಸಿದ್ವಿ. ಇವರು ಕಂಡುಹಿಡಿದ್ರು. ಬೇಕಾದಷ್ಟು ಬ್ಯಾಟರಿ ಬರೋ ತನಕ, ಇನ್ನೂ ಎರಡು ಚಳಿಗಾಲ ಸ್ಥಾವರ ಬೇಕು." ನಗರಸಭೆ ಮುಚ್ಚುವ ದಿನವನ್ನು ಎರಡು ವರ್ಷ ಮುಂದಕ್ಕೆ ಹಾಕಿತು.

ಹೊರಗೆ ಮೆಟ್ಟಿಲ ಮೇಲೆ ಅವನನ್ನು ತಡೆದಳು. "ಬೆಳಿಗ್ಗೆ ಹಾಗೆ ಎದ್ದು ಹೋದ್ರಲ್ಲ?"

"ಅಮ್ಮನಿಗೆ ಫೋನ್ ಮಾಡೋಕೆ. ಬೇರೆಯವರ ಬಾಯಿಂದ ಗೊತ್ತಾಗಬಾರದು ಅಂತ."

"ಏನಂದ್ರು?"

"ತಪ್ಪು ಹಿಡಿದೋರು ಯಾರು ಅಂದ್ಲು. ನಿಮ್ಮ ಹೆಸರು ಹೇಳಿದೆ. ಮೂರು ತಿಂಗಳಿಂದ ಹೊತ್ತಿಲ್ಲ ಗೊತ್ತಿಲ್ಲ, ಅವಳ ಮಾತೇ ಆಡ್ತೀಯಲ್ಲ, ಅವಳೇನಾ ಅಂದ್ಲು."

ಅವಳ ಕಿವಿ ಬಿಸಿಯಾಯಿತು. "ನೀವೇನಂದ್ರಿ?"

"ಅವಳೇ ಅಂದೆ. ಅವಳ ಹೊರತು ಬೇರೆ ಯಾರೂ ಬೇಡ ಅಂದೆ."

ಅವಳು ಅವನ ಬೆರಳುಗಳಿಗೆ ತನ್ನ ಬೆರಳು ಹೆಣೆದಳು.

"ಎರಡು ಚಳಿಗಾಲ ಅಮ್ಮನನ್ನ ಆ ಹೊಗೆಯಲ್ಲಿ ಬಿಡೋದು ಬೇಡ. ನನ್ನ ಮನೆ ಊರಾಚೆ, ಒಳ್ಳೆ ಗಾಳಿ. ಒಂದು ರೂಮು ಖಾಲಿ ಇದೆ, ಅದು ಅವರಿಗೆ."

"ಮತ್ತೆ ನಾನು?"

ಅವಳು ಮುಖ ಆಚೆ ತಿರುಗಿಸಿದಳು, ನಗು ಮಾತ್ರ ಈಚೆಗೇ ಕಾಣುತ್ತಿತ್ತು.

"ಅದನ್ನೂ ಬಾಯಿಬಿಟ್ಟು ಹೇಳಬೇಕಾ?"