ಬೆಳದಿಂಗಳಲ್ಲಿ ಮೇದ ಹಿಂಡು

ವರ್ನಾ ಒಲೆಗೆ ಚಕ್ಕೆ ಸೀಳುತ್ತಿದ್ದಳು. ಮೈದುನ ಓರಿನ್ ಬಂದೂಕನ್ನು ಬೇಲಿಗೆ ಒರಗಿಸಿ ಬರಿಗೈ ತೋರಿಸಿದ.

"ಇವತ್ತೂ ಇಲ್ಲ ಅತ್ತಿಗೆ. ನಸುಕಿಂದ ಹುಲ್ಲುಗಾವಲ ಅಂಚಲ್ಲೇ ಕೂತಿದ್ದೆ. ಎಲ್ಕ್ ಹೋಗ್ಲಿ, ಅದರ ನೆರಳೂ ಬರ್ಲಿಲ್ಲ."

ನಾಳೆಗೆ ಸರ್ಕಾರ ಬೇಟೆಗೆ ಬಿಟ್ಟ ಕಾಲ ಮುಗಿಯುತ್ತಿತ್ತು. ಮರ ಕೊಯ್ಯುವ ಮಿಲ್ಲಿನಲ್ಲಿ ಕಾಲು ಮುರಿದುಕೊಂಡ ಗಂಡ ಲೈಲ್ ಮನೆಯಲ್ಲೇ ಇದ್ದ. ಕಡವೆಗಿಂತ ದೊಡ್ಡದಾದ ಆ ಎಲ್ಕ್ ಒಂದು ಸಿಕ್ಕರೆ ಚಳಿಗಾಲ ಕಳೆದಂತೆ. ಇಲ್ಲವಾದರೆ ಮನೆಗೆ ಬೀಗ ಹಾಕಿ, ಕೆಳಗಿನ ಪೇಟೆಯಲ್ಲಿದ್ದ ಅಕ್ಕ ಫರ್ನ್‌ಳ ಮನೆ ಸೇರಬೇಕು. ಬೇಸಿಗೆಯಲ್ಲೇ ಅಕ್ಕ ಬರೆದು ಕರೆದಿದ್ದಳು. ವರ್ನಾ ಉತ್ತರ ಕೊಟ್ಟಿರಲಿಲ್ಲ.

"ಹುಣ್ಣಿಮೆ ಕಣೋ," ಬಾಗಿಲಲ್ಲಿ ಊರುಗೋಲಿಗೆ ಆತು ನಿಂತ ಲೈಲ್ ಅಂದ. "ರಾತ್ರಿಯೆಲ್ಲ ಬೆಳಕಲ್ಲಿ ಮೇಯ್ತಾವೆ. ನೀನು ಹೋಗೋ ಹೊತ್ತಿಗೆ ಹೊಟ್ಟೆ ತುಂಬಿ ಕಾಡೊಳಗೆ ಮಲಗಿರ್ತಾವೆ."

"ಚಂದ್ರನ್ನ ಬೈಯೋದು ಗುರಿ ತಪ್ಪಿದೋರ ಕೆಲಸ ಅಂತ ನೀನೇ ಅಂತಿದ್ದೆಯಲ್ಲ ಅಣ್ಣ."

"ಆಗ ನನ್ನ ಕಾಲು ನೆಟ್ಟಗಿತ್ತು."

ವರ್ನಾ ಕೊಡಲಿಯನ್ನು ಕೊರಡಿಗೆ ಕಚ್ಚಿಸಿದಳು. "ಮಲಗಿದ್ರೆ ಮಲಗಿದಲ್ಲಿಗೇ ಹೋಗೋಣ. ನಾಳೆ ನಡುಮಧ್ಯಾಹ್ನ. ನಾನೂ ಬರ್ತೀನಿ."

ಮಧ್ಯಾಹ್ನ ಅಲ್ಲಿ ಯಾರೂ ಬೇಟೆಗೆ ಹೋಗುವುದಿಲ್ಲ. ಅದು ಕಾಫಿ ಕುಡಿಯುತ್ತ ಬೆಳಗಿನ ಸುಳ್ಳುಗಳನ್ನು ಹೇಳಿಕೊಳ್ಳುವ ಹೊತ್ತು. ಮರುದಿನ ಓರಿನ್ ಹಳ್ಳದ ದಾರಿ ಹಿಡಿಯಲು ಹೊರಟ. ಮಾಂಸ ಹೊರಲು ಅದೇ ಹತ್ತಿರ.

"ಬಿಸಿಲೇರಿದ್ಮೇಲೆ ಗಾಳಿ ಮೇಲಕ್ಕೆ ಹತ್ತುತ್ತೆ," ವರ್ನಾ ತಡೆದಳು. "ಕೆಳಗಿಂದ ಹೋದ್ರೆ ನಿನ್ನ ತಂಬಾಕಿನ ವಾಸನೆ ನಮಗಿಂತ ಮೊದ್ಲೇ ಹೋಗಿ ಮಾತಾಡಿಸುತ್ತೆ."

ಸುತ್ತು ಬಳಸಿ ಬೆಟ್ಟದ ನೆತ್ತಿ ಸೇರಿದರು. ಕೆಳಗೆ ಪೈನ್ ಕಾಡು ಕಪ್ಪಗೆ ಇಳಿದಿತ್ತು. ಹಳೆಯ ಬಿರುಗಾಳಿಗೆ ಉರುಳಿದ ಮರಗಳು ಒಂದರ ಮೇಲೊಂದು ಬಿದ್ದು, ನೆರಳಿದ್ದ ಕಡೆಯಲ್ಲೆಲ್ಲ ಹಿಮ ಗಟ್ಟಿಯಾಗಿ ಉಳಿದಿತ್ತು. ಒಂದೊಂದು ದಿಮ್ಮಿಯನ್ನೂ ಕೈಯೂರಿ, ಉಸಿರು ಬಿಗಿಹಿಡಿದು ದಾಟಬೇಕು.

ಕೊಟ್ಟಿಗೆಯಂಥ ವಾಸನೆ ಬಂತು.

ವರ್ನಾ ಕೂತುಬಿಟ್ಟಳು. ಕೊಂಬೆಗಳ ನಡುವೆ ಒಂದು ಕಿವಿ ಅಲುಗಿತು. ಹೆಣ್ಣು ಎಲ್ಕ್, ಮಲಗಿತ್ತು. ಗುರಿಯಿಡಬೇಕಾದ ಎದೆ ಕಾಣುತ್ತಿರಲಿಲ್ಲ.

ಕಾದಳು. ಮಂಡಿ ಮರಗಟ್ಟಿತು. ಓರಿನ್‌ನ ಹೊಟ್ಟೆ ಗುರ್ರೆಂದಿತು. ಅವನು ಕಣ್ಣು ಮುಚ್ಚಿಕೊಂಡ.

ಎಲ್ಕ್ ಎದ್ದು ಮೈ ಮುರಿಯಿತು. ವರ್ನಾ ಗುಂಡು ಹಾರಿಸಿದಳು. ಅದು ಅಲ್ಲೇ ಕುಸಿಯಿತು.

ಅಸಲು ಭಯ ಆಮೇಲೆ. ಗುಂಡಿನ ಸದ್ದೆಂದರೆ ಮಾಂಸವೆಂದು ಆ ಕಣಿವೆಯ ಕರಡಿಗಳು ಕಲಿತುಬಿಟ್ಟಿವೆ. ಕರುಳನ್ನು ಬಿದ್ದಲ್ಲೇ ಬಿಟ್ಟು, ತೊಡೆಗಳನ್ನೂ ಬೆನ್ನಿನ ಮಾಂಸವನ್ನೂ ಒಂದು ಮುಂಗಾಲನ್ನೂ ಹೊತ್ತು ದೂರದ ಮರಕ್ಕೆ ಏರಿಸಿದರು. ಉಳಿದ ಮುಂಗಾಲಿಗೆ ಮರಳಿದಾಗ ಕಾಗೆಗಳು ದಿಢೀರನೆ ಎದ್ದವು.

ಕರಡಿ ಅಲ್ಲೇ ಇತ್ತು. ಭುಜದ ಗೂನು, ಒದ್ದೆ ಮೂತಿ. ಹಲ್ಲು ಕಟಕಟಿಸಿತು.

"ಆ ಕಾಲೊಂದು ಎಳ್ಕೊಂಬರ್ಲಾ?" ಓರಿನ್ ಪಿಸುಗುಟ್ಟಿದ.

"ಒಂದು ಕಾಲು ಮುರಿದೋನ್ನ ಸಾಕ್ತಿರೋದೇ ಸಾಕು. ಓಡಬೇಡ. ಹಿಂದಕ್ಕೆ ಹೆಜ್ಜೆ ಇಡು." ಆಮೇಲೆ ಕರಡಿಗೆ, ನೆರೆಯವಳಿಗೆ ಹೇಳುವ ದನಿಯಲ್ಲಿ, "ತಿನ್ನಮ್ಮ. ಅದು ನಿಂದೇ. ನಾವು ಹೊರಟ್ವಿ."

ಅದು ಹೂಂಕರಿಸಿ ಒಂದೇ ನೆಗೆತ ಮುಂದೆ ಬಂತು. ವರ್ನಾ ಬಂದೂಕು ಎತ್ತಿದಳು, ಕಾಲು ಕದಲಿಸಲಿಲ್ಲ. ಕರಡಿ ನಿಂತಿತು, ಮೂಸಿತು, ಮೆಲ್ಲಗೆ ಮಾಂಸದ ಕಡೆ ತಿರುಗಿತು.

ಮರಕ್ಕೆ ಏರಿಸಿದ್ದಷ್ಟನ್ನೂ ಮನೆಗೆ ಹೊತ್ತು ಮುಗಿಸುವಷ್ಟರಲ್ಲಿ ಇಬ್ಬರ ಹೆಗಲೂ ತರಚಿ ಹೋಗಿತ್ತು.

"ನೋಡಿದ್ರಾ, ಹುಣ್ಣಿಮೆ," ಅಂದ ಲೈಲ್.

"ಹುಣ್ಣಿಮೆಯೋ, ಗಾಳಿಯೋ. ಹೊತ್ತೋರು ನಾವು," ಅಂದಳು ವರ್ನಾ.

ಬೆಳಿಗ್ಗೆ ಅವಳು ಅಕ್ಕನಿಗೆ ಬರೆದಳು: ನಾವು ಇಲ್ಲೇ ಇರುತ್ತೇವೆ. ಹಿಮ ದಾರಿ ಮುಚ್ಚುವ ಮುಂಚೆ ನೀನೇ ಬಾ, ಮಾಂಸವಿದೆ. ರಸ್ತೆ ಬದಿಯ ಪೆಟ್ಟಿಗೆಯಲ್ಲಿ ಕಾಗದವಿಟ್ಟು, ಒಯ್ಯುವ ಕಾಗದವಿದೆಯೆಂದು ಅಂಚೆಯವನಿಗೆ ದೂರದಿಂದಲೇ ತಿಳಿಯಲೆಂದು ಅದರ ಕೆಂಪು ಪಟ್ಟಿಯನ್ನು ಮೇಲಕ್ಕೆತ್ತಿದಳು.